ಜಾಲಪುಟಗಳಲ್ಲಿ ವ್ಯಕ್ತಿನಾಮದ ವಿಭಜನೆ: ಒಂದು ಚಾರಿತ್ರಿಕ ವಿಚಾರ

ಜಾಲಪುಟದಲ್ಲಿ ಬರೆದ ವ್ಯಕ್ತಿನಾಮವು ಓದುಗನಿಗೆ ಹೆಸರೆಂದೇ ವೇದ್ಯವಾದರೂ, ಯಂತ್ರದ ಪಾಲಿಗೆ ಅದು ಉಳಿದ ಅಕ್ಷರಗಳಿಂದ ಭಿನ್ನವಲ್ಲವಾದುದರಿಂದ, ಇದು ಹೆಸರು, ಇದು ವಿಳಾಸ, ಇದು ದೂರವಾಣಿ ಸಂಖ್ಯೆ ಎಂದು ಬೇರೆಬೇರೆಯಾಗಿ ಸೂಚಿಸುವ ಗುರುತುಗಳ ಅವಶ್ಯಕತೆ ಉಂಟಾಯಿತು. ಈ ಉದ್ದೇಶದಿಂದ 2004ರಲ್ಲಿ ಟಾಂಟೆಕ್ ಚೆಲಿಕ್ ಮುಂದಿಟ್ಟು, ಬ್ರಯನ್ ಸೂಡನೊಡನೆ ರೂಪಿಸಿದ ಎಚ್‌ಕಾರ್ಡ್ ಎಂಬ ಕ್ರಮವು, ಹೊಸ ಪರಿಭಾಷೆಯನ್ನು ನಿರ್ಮಿಸುವ ಗೋಜಿಗೆ ಹೋಗದೆ, ಆಗಲೇ ರೂಢಿಯಲ್ಲಿದ್ದ ವಿಕಾರ್ಡು ಎಂಬ ವಿದ್ಯುನ್ಮಾನ ಪರಿಚಯಪತ್ರದ ಪದಗಳನ್ನೇ ಎಚ್‌ಟಿಎಂಎಲ್‌ನ ‘ಕ್ಲಾಸ್’ ಗುಣಲಕ್ಷಣದಲ್ಲಿ ಇರಿಸಿತು. ಪದಗಳನ್ನು ಎರವು ತಂದಾಗ ಅವುಗಳ ಹಿಂದಿದ್ದ ಪೂರ್ವಕಲ್ಪನೆಯೂ ಜೊತೆಗೇ ಬಂದಿತೆಂಬುದು ಇಲ್ಲಿ ವಿಚಾರಣೀಯವಾದ ಅಂಶ.

ವಿಕಾರ್ಡು ಹುಟ್ಟಿದ್ದು 1995ರ ಸುಮಾರಿಗೆ, ಆಪಲ್, ಎಟಿ ಅಂಡ್ ಟಿ, ಐಬಿಎಂ, ಸೀಮೆನ್ಸ್ ಸಂಸ್ಥೆಗಳು ಕೂಡಿ ಕಟ್ಟಿದ ವರ್ಸಿಟ್ ಒಕ್ಕೂಟದಲ್ಲಿ. ಅದರ ಮೂರನೆಯ ಆವೃತ್ತಿ 1998ರಲ್ಲಿ ಆರ್‌ಎಫ್‌ಸಿ 2426 ಎಂಬ ದಾಖಲೆಯಾಗಿ ಹೊರಬಂದಿತು. ಅದರ ಪ್ರಕಾರ ಹೆಸರನ್ನು ಇಡಿಯಾಗಿ ಒಮ್ಮೆ, ಕುಲನಾಮ, ದತ್ತನಾಮ, ಇತರ ನಾಮ, ಮೊದಲ ಗೌರವಪದ, ಕೊನೆಯ ಗೌರವಪದ ಎಂಬ ಐದು ಭಾಗಗಳಾಗಿ ಒಡೆದು ಮತ್ತೊಮ್ಮೆ, ಕಡ್ಡಾಯವಾಗಿ ಬರೆಯಬೇಕಿತ್ತು. ಈ ವಿಭಾಗಕ್ರಮದ ಮೂಲವಾದರೋ 1988ರ ಎಕ್ಸ್.500 ನಿರ್ದೇಶಿಕಾ ಪದ್ಧತಿಯಲ್ಲಿರುವುದು; ಅಲ್ಲಿ ಕುಲನಾಮವಿಲ್ಲದ ವ್ಯಕ್ತಿಗೆ ನಮೂದೇ ಇರಲಿಲ್ಲ.

ಪ್ರತಿಯೊಂದು ಹೆಸರನ್ನೂ ಹೀಗೆ ಒಡೆದು ಗುರುತಿಸುವುದು ಶ್ರಮದ ಕೆಲಸವೆಂದರಿತ ಎಚ್‌ಕಾರ್ಡಿನ ಕರ್ತೃಗಳು ಒಂದು ಸುಲಭೋಪಾಯವನ್ನು ವಿಧಿಸಿದರು. ಪೂರ್ಣನಾಮದಲ್ಲಿ ಎರಡೇ ಪದಗಳಿದ್ದರೆ ಮೊದಲನೆಯದು ದತ್ತನಾಮ, ಎರಡನೆಯದು ಕುಲನಾಮ. ಮೊದಲನೆಯದರ ಮುಂದೆ ಅಲ್ಪವಿರಾಮವಿದ್ದರೆ ಅಥವಾ ಎರಡನೆಯದು ಒಂಟಿ ಅಕ್ಷರವಾಗಿದ್ದರೆ ಈ ಕ್ರಮ ತಲೆಕೆಳಗು. ಪಾಶ್ಚಾತ್ಯ ವಿದ್ವಾಂಸರು ಕುಲನಾಮವನ್ನು ಮುಂದಿಟ್ಟು ಸ್ವನಾಮವನ್ನು ಒಂದಕ್ಷರಕ್ಕೆ ಇಳಿಸುವ ಪದ್ಧತಿಗೆ ಇದು ಯುಕ್ತವೇ ಸರಿ. ಆದರೆ ‘ರಮೇಶ ಕೆ.’ ಎಂದು ಬರೆದುಕೊಳ್ಳುವ ಕನ್ನಡಿಗನನ್ನು ಇದೇ ವಿಧಿಯು ರಮೇಶ ಕುಲದವನನ್ನಾಗಿ ಮಾಡಿ, ಅವನ ಊರಿನದೋ ತಂದೆಯದೋ ಆದ ‘ಕೆ’ ಅಕ್ಷರವನ್ನು ಅವನಿಗಿಟ್ಟ ಹೆಸರೆಂದು ಸಾರುವುದು! ಕವಿ ಬೇಂದ್ರೆಯವರಿಗೆ ಐದು ಭಾಗಗಳ ಈ ವಿಭಾಗದಿಂದ ಬಾಧೆಯಿಲ್ಲ, ‘ಬೇಂದ್ರೆ’ ಎಂಬುದು ಮನೆತನದ ಹೆಸರೇ. ಕೆ. ವಿ. ಪುಟ್ಟಪ್ಪನವರದೋ ಊರು ಕುಪ್ಪಳಿ, ತಂದೆ ವೆಂಕಟಪ್ಪ, ಅನಂತರ ಸ್ವನಾಮ. ಊರಿಗೆ ಆ ಐದರಲ್ಲಿ ಸ್ಥಳವೆಲ್ಲಿ?

2009ರಲ್ಲಿ ಗೂಗಲ್ ತನ್ನ ಶೋಧಫಲಿತಗಳಲ್ಲಿ ಎಚ್‌ಕಾರ್ಡಿನ ಗುರುತುಗಳನ್ನು ಬಳಸಲಾರಂಭಿಸಿತು. 2011ರ ಜೂನಿನಲ್ಲಿ ಗೂಗಲ್, ಬಿಂಗ್, ಯಾಹೂಗಳು ಜೊತೆಗೂಡಿ ಸ್ಕೀಮಾ.ಆರ್ಗ್ ಎಂಬ ಸಮಾನ ಶಬ್ದಕೋಶವನ್ನು ಹೊರತಂದುವು. ಅದೇ ವರ್ಷದ ಆಗಸ್ಟಿನಲ್ಲಿ ಪ್ರಕಟವಾದ ವಿಕಾರ್ಡಿನ ನಾಲ್ಕನೆಯ ಆವೃತ್ತಿ, ಆರ್‌ಎಫ್‌ಸಿ 6350, ಪೂರ್ಣನಾಮವೊಂದನ್ನೇ ಕಡ್ಡಾಯವಾಗಿ ಉಳಿಸಿಕೊಂಡು, ವಿಭಜಿತ ರೂಪವನ್ನು ಬರೆಯುವವನ ಇಚ್ಛೆಗೆ ಬಿಟ್ಟಿತು. ಈ ಚರಿತ್ರೆಯಲ್ಲಿ ಶೋಧಯಂತ್ರಗಳ ಒಪ್ಪಂದಕ್ಕಿಂತ ಈ ಸಡಿಲಿಕೆಯೇ ದೊಡ್ಡ ಘಟನೆಯೆಂದು ನಮ್ಮ ಎಣಿಕೆ. ಎಚ್‌ಕಾರ್ಡಿನ ಪರಿಷ್ಕೃತ ರೂಪದಲ್ಲಿಯೂ ಎರಡು ಪದಗಳ ಆ ಊಹೆಯನ್ನು ಕೈಬಿಡಲಾಯಿತು. ಹಳೆಯ ಗುರುತುಗಳನ್ನು ಹೊತ್ತ ಪುಟಗಳು ಅಳಿಯದೆ ಉಳಿದಿರುವುದರಿಂದ, ನೂತನ ಪಾರ್ಸರ್‌ಗಳು ಅವನ್ನೂ ಓದಿ ಹೊಸ ಪದಗಳಿಗೆ ಪರಿವರ್ತಿಸಿಕೊಳ್ಳುವುವು.