ಯಂತ್ರಯುಗದ ನೀತಿಪ್ರಶ್ನೆ ಮತ್ತು ಎಂ.ಎಂ. ಥಾಮಸ್

1957ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ, ಧರ್ಮ ಹಾಗೂ ಸಮಾಜಗಳ ಅಧ್ಯಯನಕ್ಕೆ ಮೀಸಲಾದ ಕ್ರೈಸ್ತ ಸಂಸ್ಥೆಯ ಮುಂದಿದ್ದ ಮುಖ್ಯ ಪ್ರಶ್ನೆ ಮತಪ್ರಚಾರದ್ದಲ್ಲ; ಯೋಜನೆ, ಅಣೆಕಟ್ಟು, ಕಾರ್ಖಾನೆಗಳಿಂದ ರೂಪುಗೊಳ್ಳುತ್ತಿದ್ದ ರಾಷ್ಟ್ರದಲ್ಲಿ ಮನುಷ್ಯನ ಸ್ಥಾನವೇನೆಂಬುದು. ಮೊದಲ ನಿರ್ದೇಶಕ ಪಿ.ಡಿ. ದೇವನಂದನ್ 1962ರಲ್ಲಿ ನಿಧನರಾದ ಬಳಿಕ ಕೇರಳದ ಎಂ.ಎಂ. ಥಾಮಸ್ (1916-1996) ಆ ಹೊಣೆ ಹೊತ್ತರು. ಅವರು ಪಾದ್ರಿಯಲ್ಲ, ರಸಾಯನಶಾಸ್ತ್ರದ ಪದವೀಧರರು. ಅವರ ದೇವತಾಶಾಸ್ತ್ರ ಪೀಠಕ್ಕಿಂತ ಬೀದಿಗೆ ಹತ್ತಿರವಾಗಿದ್ದುದು ಆಕಸ್ಮಿಕವಲ್ಲ.

1966ರಲ್ಲಿ ಜಾಗತಿಕ ಚರ್ಚುಗಳ ಪರಿಷತ್ತು ಜಿನೀವಾದಲ್ಲಿ ನಡೆಸಿದ ಸಮ್ಮೇಳನಕ್ಕೆ ಥಾಮಸರೇ ಅಧ್ಯಕ್ಷರು. ತಾಂತ್ರಿಕ ಮತ್ತು ಸಾಮಾಜಿಕ ಕ್ರಾಂತಿಗಳೇ ಅದರ ವಿಷಯ. ಅಣುಬಾಂಬನ್ನು ಕಂಡಿದ್ದ ಪಶ್ಚಿಮಕ್ಕೆ ಯಂತ್ರವೆಂದರೆ ಭೀತಿಯೂ ಹೌದು. ಏಷ್ಯಾ, ಆಫ್ರಿಕಗಳಿಗೆ ಅದು ಹಸಿವಿನಿಂದ ಬಿಡುಗಡೆಯ ಭರವಸೆ. ಥಾಮಸರು ಯಂತ್ರವನ್ನು ತಿರಸ್ಕರಿಸಲಿಲ್ಲ, ಆರಾಧಿಸಲೂ ಇಲ್ಲ. ಅದು ಮನುಷ್ಯನ ಘನತೆಯನ್ನು ಹೆಚ್ಚಿಸುವುದೇ ಎಂಬುದೇ ಅವರ ಒರೆಗಲ್ಲು. 1971ರ ಅವರ ಕೃತಿ ರಕ್ಷಣೆಯನ್ನೂ ಮಾನವೀಕರಣವನ್ನೂ ಜೋಡಿಸಿದುದು ಇದೇ ನೆಲೆಯಿಂದ. ಆತ್ಮದ ರಕ್ಷಣೆ ಸಮಾಜಸೇವೆಯಲ್ಲಿ ಕರಗಿಹೋಗುವುದೆಂದು ಆಕ್ಷೇಪಿಸಿದವರೂ ಇದ್ದರು. ಆ ಆಕ್ಷೇಪ ತೀರ ನಿರಾಧಾರವಲ್ಲ.

ಈ ಚಿಂತನೆಗೆ ನಿಜವಾದ ಪರೀಕ್ಷೆ ಒದಗಿದುದು ಸಮ್ಮೇಳನಗಳಲ್ಲಲ್ಲ, 1975ರ ತುರ್ತುಪರಿಸ್ಥಿತಿಯಲ್ಲಿ. ಅಭಿವೃದ್ಧಿಗೆ ಶಿಸ್ತು ಬೇಕು, ಶಿಸ್ತಿಗಾಗಿ ಸ್ವಾತಂತ್ರ್ಯ ಕೊಂಚ ಕಾಯಬಹುದು ಎಂಬ ವಾದ ಆಗ ಬಲವಾಗಿತ್ತು. ಒತ್ತಾಯದ ಸಂತಾನಶಕ್ತಿಹರಣವೂ ಪ್ರಗತಿಯ ಹೆಸರಿನಲ್ಲೇ ನಡೆಯಿತು. ಕ್ರೈಸ್ತ ಮುಖಂಡರಲ್ಲಿ ಹಲವರು ಮೌನ ತಾಳಿದರು, ಕೆಲವರು ಬೆಂಬಲಿಸಿದರು. ಅನ್ನ ಮತ್ತು ಸ್ವಾತಂತ್ರ್ಯಗಳನ್ನು ಪರಸ್ಪರ ವಿನಿಮಯದ ಸರಕಾಗಿಸಲು ಥಾಮಸರು ಒಪ್ಪಲಿಲ್ಲ. ಸರ್ವಾಧಿಕಾರವನ್ನು ವಿರೋಧಿಸಿ ಅವರು ಬರೆದ ಲೇಖನಗಳು 1979ರಲ್ಲಿ ಗ್ರಂಥರೂಪ ಪಡೆದವು.