ಮೇವಿನ ಪ್ರಶ್ನೆ

ಕಳೆದ ತಿಂಗಳು ನನ್ನ ಭಾವಮೈದುನ ಒಂದು ವಿದ್ಯುತ್ ಕಾರು ಕೊಂಡ. ಪೂಜೆ ಮಾಡಿಸಿ, ಚಕ್ರಗಳಡಿ ನಿಂಬೆಹಣ್ಣು ಅರೆದು, ನೇರವಾಗಿ ಬಸವನಗುಡಿಯ ನಮ್ಮ ಮನೆಗೆ ತಂದ. ಬಂದದ್ದು ಯಾರಿಗೂ ತಿಳಿಯಲಿಲ್ಲ. ಜಗಲಿಯಲ್ಲಿ ಪತ್ರಿಕೆ ಓದುತ್ತಿದ್ದ ನಾನು ತಲೆಯೆತ್ತಿದಾಗ ಗೇಟಿನ ಮುಂದೆ ಬಿಳಿಯ ಗಾಡಿಯೊಂದು, ಹಸಿರು ನಂಬರು ಫಲಕ ಹೊತ್ತು, ಮೊದಲಿನಿಂದಲೂ ಅಲ್ಲೇ ಇದ್ದಂತೆ ನಿಂತಿದ್ದಿತು.

“ಹತ್ತಿ ಭಾವ, ಒಂದು ಸುತ್ತು ಹೋಗಿಬರೋಣ” ಎಂದ. ಹತ್ತಿ ಕುಳಿತೆ. ಅವನು ಒಂದು ಗುಂಡಿ ಒತ್ತಿದ. ಗುರುಗುಟ್ಟಲಿಲ್ಲ, ನಡುಗಲಿಲ್ಲ. ಗಾಡಿ ಕೆಟ್ಟಿತೋ ಏನೋ ಎಂದು ನಾನು ಅವನ ಮುಖ ನೋಡುತ್ತಿರುವಾಗಲೇ ಎದುರುಮನೆಯ ಹೊಂಗೆಮರ ಹಿಂದಕ್ಕೆ ಸರಿಯಿತು. ಗೇರು ಬದಲಿಸುವ ಗೋಜಿಲ್ಲ, ಕ್ಲಚ್ಚಿಲ್ಲ. ಕಾಲೆತ್ತಿದರೆ ಸಾಕು, ಗಾಡಿ ತಾನೇ ನಿಧಾನವಾಗುತ್ತದೆ. ಹಾಗೆ ನಿಧಾನವಾಗುವಾಗ ಚಕ್ರಗಳೇ ಮೋಟಾರನ್ನು ತಿರುಗಿಸಿ, ಮೋಟಾರು ಡೈನಮೋ ಆಗಿ, ಖರ್ಚಾದ ವಿದ್ಯುತ್ತಿನಲ್ಲಿ ಒಂದಿಷ್ಟನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆಯಂತೆ. ಕೊಟ್ಟದ್ದರಲ್ಲಿ ಚಿಲ್ಲರೆ ವಾಪಸು ಕೊಡುವ ವಾಹನವನ್ನು ನಾನು ಕಂಡದ್ದು ಇದೇ ಮೊದಲು.

ಹಿಂದಿರುಗುವ ವೇಳೆಗೆ ಬೀದಿಯ ಮಕ್ಕಳೆಲ್ಲ ಸೇರಿದ್ದರು. ಎದುರುಮನೆಯ ರಾಯರೂ ಬಂದಿದ್ದರು. ರಾಯರಿಗೆ ಎಂಬತ್ತಾರು ವರ್ಷ. ಅವರ ತಂದೆಯ ಕಾಲದಲ್ಲಿ ಮನೆಯಲ್ಲಿ ಒಂದು ಜಟಕಾ ಇದ್ದಿತಂತೆ. ಗಾಡಿಯನ್ನು ಒಂದು ಸುತ್ತು ಹಾಕಿ, ಊರುಗೋಲಿನಿಂದ ಟೈರನ್ನು ತಟ್ಟಿ ನೋಡಿ, “ಎಲ್ಲ ಸರಿ ಕಣಪ್ಪ, ಇದಕ್ಕೆ ಮೇವು ಎಲ್ಲಿ?” ಎಂದು ಕೇಳಿದರು.

ಭಾವಮೈದುನ ನಕ್ಕ. ಆದರೆ ಆ ನಗುವಿನಲ್ಲಿ ಪೂರ್ತಿ ಧೈರ್ಯವಿರಲಿಲ್ಲ. ಅವನು ಇರುವುದು ಬಾಡಿಗೆಯ ಫ್ಲಾಟಿನಲ್ಲಿ, ಮೂರನೆಯ ಮಹಡಿಯಲ್ಲಿ. ಕಾರು ನಿಲ್ಲುವುದು ನೆಲಮಾಳಿಗೆಯಲ್ಲಿ. ಅಲ್ಲಿಗೆ ಒಂದು ಪ್ಲಗ್ಗು ಹಾಕಿಸಿಕೊಳ್ಳಲು ಮನೆಯೊಡೆಯರ ಒಪ್ಪಿಗೆ ಬೇಕು, ಆಮೇಲೆ ನಿವಾಸಿಗಳ ಸಂಘದ ಒಪ್ಪಿಗೆ ಬೇಕು. ಎರಡೂ ದೊರೆತಿರಲಿಲ್ಲ.

ರಾಯರು ತಮಗೆ ಅರಿವಿಲ್ಲದೆಯೇ ನೂರ ಇಪ್ಪತ್ತು ವರ್ಷಕ್ಕೂ ಹಳೆಯದಾದ ಪ್ರಶ್ನೆಯನ್ನು ಕೇಳಿದ್ದರು. ವಿದ್ಯುತ್ ಕಾರಿನ ಚರಿತ್ರೆಯನ್ನು ಓದುತ್ತ ಹೋದರೆ, ಅದರ ಏಳುಬೀಳುಗಳಿಗೆಲ್ಲ ಮೋಟಾರಿಗಿಂತ ಈ ಮೇವಿನ ಪ್ರಶ್ನೆಯೇ ಹೆಚ್ಚು ಕಾರಣವೆಂದು ತೋರುತ್ತದೆ.

ಮೊದಲ ವೈಭವ

ವಿದ್ಯುತ್ ಕಾರು ನಿನ್ನೆ ಮೊನ್ನೆ ಹುಟ್ಟಿದ್ದೆಂದು ತಿಳಿದಿರುವವರೇ ಹೆಚ್ಚು. ಆದರೆ ಮತ್ತೆ ಮತ್ತೆ ತುಂಬಿಕೊಳ್ಳಬಹುದಾದ ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ಟೋನ್ ಪ್ಲಾಂಟೆ ಮಾಡಿ ತೋರಿಸಿದ್ದು 1859ರಲ್ಲಿ. 1881ರಲ್ಲಿ ಕಾಮಿಲ್ ಫೋರ್ ಎಂಬಾತ ಅದನ್ನು ಸುಧಾರಿಸಿದ. ಅದೇ ವರ್ಷ ಗುಸ್ತಾವ್ ತ್ರೂವೆ ಪ್ಯಾರಿಸಿನ ಬೀದಿಯಲ್ಲಿ ಬ್ಯಾಟರಿಯ ಮೂರು ಚಕ್ರದ ಗಾಡಿಯನ್ನು ಓಡಿಸಿದ. ಜರ್ಮನಿಯ ಕಾರ್ಲ್ ಬೆಂಜ್ ತನ್ನ ಪೆಟ್ರೋಲು ಗಾಡಿಗೆ ಹಕ್ಕುಪತ್ರ ಪಡೆದದ್ದು ಇದಾದ ಐದು ವರ್ಷಗಳ ಮೇಲೆ, 1886ರಲ್ಲಿ.

ಗಂಟೆಗೆ ನೂರು ಕಿಲೋಮೀಟರಿನ ಗೆರೆಯನ್ನು ಮೊದಲು ದಾಟಿದ ಮೋಟಾರು ವಾಹನವೂ ವಿದ್ಯುತ್ತಿನದೇ. 1899ರ ಏಪ್ರಿಲ್ 29ರಂದು ಬೆಲ್ಜಿಯಮ್ಮಿನ ಕಾಮಿಲ್ ಜೆನಾಟ್ಸಿ ಪ್ಯಾರಿಸಿನ ಹೊರವಲಯದಲ್ಲಿ ಸಿಗಾರಿನ ಆಕಾರದ ಗಾಡಿಯೊಂದನ್ನು 105 ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿ ಓಡಿಸಿದ. ಆ ಗಾಡಿಗೆ ಅವನು ಇಟ್ಟಿದ್ದ ಹೆಸರಿನ ಅರ್ಥ ‘ಎಂದೂ ತೃಪ್ತಿಯಿಲ್ಲದವಳು’ ಎಂದು. 1900ರಲ್ಲಿ ಅಮೆರಿಕದಲ್ಲಿ ತಯಾರಾದ 4,192 ಕಾರುಗಳಲ್ಲಿ 1,681 ಉಗಿಯವು, 1,575 ವಿದ್ಯುತ್ತಿನವು, ಪೆಟ್ರೋಲಿನವು ಕೇವಲ 936. ಆ ವರ್ಷ ಯಾರಾದರೂ ಪಣ ಕಟ್ಟುವುದಿದ್ದರೆ ಪೆಟ್ರೋಲಿನ ಮೇಲೆ ಕಟ್ಟುತ್ತಿರಲಿಲ್ಲ.

ಮೇವಿನ ಪ್ರಶ್ನೆಗೆ ಆ ಕಾಲದವರೂ ಉತ್ತರ ಹುಡುಕಿದ್ದರು. ಲಂಡನ್ನಿನಲ್ಲಿ 1897ರಲ್ಲಿ ವಾಲ್ಟರ್ ಬರ್ಸಿಯ ವಿದ್ಯುತ್ ಬಾಡಿಗೆ ಗಾಡಿಗಳು ಬೀದಿಗಿಳಿದವು. ಸಣ್ಣಗೆ ಗುಂಯ್‌ಗುಡುವ ಸದ್ದಿಗಾಗಿ ಜನ ಅವನ್ನು ‘ಝೇಂಕಾರದ ಹಕ್ಕಿ’ ಎಂದು ಕರೆದರು. ಲ್ಯಾಂಬೆತ್ ಬಡಾವಣೆಯ ಗಾಡಿಖಾನೆಯಲ್ಲಿ ನೀರಿನ ಒತ್ತಡದ ಯಂತ್ರದಿಂದ ಖಾಲಿ ಬ್ಯಾಟರಿಯನ್ನು ಇಳಿಸಿ ತುಂಬಿದ್ದನ್ನು ಏರಿಸುತ್ತಿದ್ದರು. ಹಳೆಯ ಕಾಲದ ಅಂಚೆಗಾಡಿಗೆ ದಾರಿಯಲ್ಲಿ ಕುದುರೆ ಬದಲಿಸುತ್ತಿದ್ದಂತೆಯೇ ಇದು. ಆದರೆ ಬ್ಯಾಟರಿಗಳು ಬೇಗ ಸವೆದವು. ಅವುಗಳ ಭಾರಕ್ಕೆ ಟೈರುಗಳೂ ಸವೆದವು. ಎರಡು ವರ್ಷಗಳಲ್ಲಿ ಕಂಪೆನಿ ಮುಚ್ಚಿತು.

ಅಮೆರಿಕದಲ್ಲಿ ಇನ್ನೊಂದು ಮಾರ್ಗ ನಡೆಯಿತು. ಬ್ಯಾಟರಿ ಒಪ್ಪಿಕೊಳ್ಳುವುದು ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತನ್ನು. ಮನೆಗಳಿಗೆ ಬರುತ್ತಿದ್ದುದು ಹಲವೆಡೆ ದಿಕ್ಕು ಬದಲಿಸುತ್ತ ಹರಿಯುವ ವಿದ್ಯುತ್ತು. 1902ರಲ್ಲಿ ಪೀಟರ್ ಕೂಪರ್ ಹ್ಯೂಯಿಟ್ ಕಂಡುಹಿಡಿದ ಪಾದರಸದ ಬುರುಡೆ ಇದನ್ನು ಅದಾಗಿ ಮಾಡಿಕೊಡುತ್ತಿದ್ದಿತು. ಅನುಕೂಲಸ್ಥರ ಮನೆಯ ಗಾಡಿಕೊಟ್ಟಿಗೆಯಲ್ಲಿ, ಗಾಜಿನ ಬುರುಡೆಯೊಳಗೆ ಪಾದರಸದ ಆವಿ ನೀಲಿ ಬೆಳಕು ಸೂಸುತ್ತ, ರಾತ್ರಿಯೆಲ್ಲ ಕಾರಿಗೆ ಮೇವು ಉಣಿಸುತ್ತಿದ್ದಿತು. ಹ್ಯಾಂಡಲು ಹಾಕಿ ತೋಳು ಮುರಿದುಕೊಳ್ಳುವ ಭಯವಿಲ್ಲ, ಹೊಗೆಯಿಲ್ಲ, ವಾಸನೆಯಿಲ್ಲವೆಂದು ಅಲ್ಲಿನ ಹೆಂಗಸರು ವಿದ್ಯುತ್ ಕಾರನ್ನು ಮೆಚ್ಚಿದರು. ಪೆಟ್ರೋಲು ಕಾರನ್ನು ಜಗತ್ತಿಗೆಲ್ಲ ಹಂಚಿದ ಹೆನ್ರಿ ಫೋರ್ಡನ ಹೆಂಡತಿ ಕ್ಲಾರಾ ಓಡಿಸುತ್ತಿದ್ದುದೇ ‘ಡೆಟ್ರಾಯಿಟ್ ಎಲೆಕ್ಟ್ರಿಕ್’ ಎಂಬ ವಿದ್ಯುತ್ ಕಾರನ್ನು!

ಔಷಧದ ಅಂಗಡಿಯಲ್ಲಿ ಸಿಗದ ಸರಕು

ಇಷ್ಟೆಲ್ಲ ಇದ್ದೂ ಅದು ಸೋತದ್ದೇಕೆ? 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ವಿದ್ಯುತ್ತಿನಿಂದ ಎಂಜಿನು ಚಾಲೂ ಮಾಡುವ ಯಂತ್ರ ಅಳವಡಿಸಿದನೆಂದೂ, ಅಲ್ಲಿಗೆ ಹ್ಯಾಂಡಲಿನ ಕಾಟ ತಪ್ಪಿತೆಂದೂ ಪುಸ್ತಕಗಳು ಹೇಳುತ್ತವೆ. ಒಂದು ಪುಟ್ಟ ಮೋಟಾರು, ಒಂದು ಪುಟ್ಟ ಬ್ಯಾಟರಿ, ಇವೆರಡೂ ಶತ್ರುವಿನ ಮನೆಗೆ ಚಾಕರಿಗೆ ಸೇರಿ ತಮ್ಮ ಕುಲವನ್ನೇ ಕೆಡಿಸಿದವು ಎನ್ನಬೇಕು. ಫೋರ್ಡನ ಕಾರು ವರ್ಷವರ್ಷಕ್ಕೂ ಅಗ್ಗವಾಗುತ್ತ ಹೋದದ್ದೂ ನಿಜವೇ.

ಆದರೆ ಕಾರಣ ಇದಕ್ಕಿಂತ ಹಿಂದಿನದೆಂದು ನನಗೆ ತೋರುತ್ತದೆ. 1888ರ ಆಗಸ್ಟಿನಲ್ಲಿ ಕಾರ್ಲ್ ಬೆಂಜನ ಹೆಂಡತಿ ಬರ್ಟಾ, ಗಂಡನಿಗೆ ಮುಂಚಿತವಾಗಿ ತಿಳಿಸದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಅವನ ಗಾಡಿಯಲ್ಲಿ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರಿಗೆ ಹೊರಟಳು. ದಾರಿ ನೂರು ಕಿಲೋಮೀಟರಿಗೂ ಮಿಗಿಲು. ನಡುವೆ ಎಣ್ಣೆ ತೀರಿತು. ಆಕೆ ವೀಸ್ಲೋಖ್ ಎಂಬ ಸಣ್ಣ ಊರಿನ ಔಷಧದ ಅಂಗಡಿಗೆ ಹೋಗಿ, ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಎಂಬ ದ್ರವವನ್ನು ಕೊಂಡು, ತೊಟ್ಟಿಗೆ ಸುರಿದು ಮುಂದೆ ಸಾಗಿದಳು. ಪೆಟ್ರೋಲಿನ ಗೆಲುವೆಲ್ಲ ಆ ಅಂಗಡಿಯಲ್ಲಿ ಅಡಗಿದೆ. ಅದನ್ನು ಡಬ್ಬದಲ್ಲಿ ತುಂಬಬಹುದು. ಎತ್ತಿನ ಗಾಡಿಯಲ್ಲಿ ಸಾಗಿಸಬಹುದು. ಸೀಮೆಎಣ್ಣೆ ಮಾರುವವನು ಅದನ್ನೂ ಮಾರಬಹುದು. ವಿದ್ಯುತ್ತನ್ನು ಯಾವ ಔಷಧದ ಅಂಗಡಿಯಲ್ಲಿ ಕೊಳ್ಳುವುದು? 1920ರಲ್ಲಿಯೂ ಅಮೆರಿಕದಲ್ಲಿ ವಿದ್ಯುತ್ ಇದ್ದದ್ದು ಸುಮಾರು ಮೂರರಲ್ಲಿ ಒಂದು ಮನೆಗೆ ಮಾತ್ರ. ಹಳ್ಳಿಗಾಡಿಗೆ ಅದು ಇನ್ನೂ ದೂರದ ಮಾತು. ರಸ್ತೆಗಳು ಊರಾಚೆಗೆ ಬೆಳೆದಂತೆಲ್ಲ ವಿದ್ಯುತ್ ಕಾರು ಊರೊಳಗೇ ಉಳಿಯಿತು. ಆಮೇಲೆ ಕೊಟ್ಟಿಗೆಯಲ್ಲೇ ಉಳಿಯಿತು. ಕೊನೆಗೆ ಅಲ್ಲಿಯೂ ಇಲ್ಲವಾಯಿತು.

ಬೆಂಗಳೂರಿನ ದೀಪ

ಅಮೆರಿಕದ ಹೆಂಗಸರು ವಿದ್ಯುತ್ ಕಾರು ಓಡಿಸುತ್ತಿದ್ದ ಅದೇ ವರ್ಷಗಳಲ್ಲಿ ನಮ್ಮ ಮೈಸೂರು ಸಂಸ್ಥಾನದಲ್ಲಿಯೂ ಒಂದು ದೊಡ್ಡ ಕೆಲಸ ನಡೆಯಿತು. ಶಿವನಸಮುದ್ರದ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರ ಆಗಸ್ಟಿನಲ್ಲಿ ಅದು ಬೆಂಗಳೂರಿಗೆ ಬಂದಿತು. ಈಗಿನ ಕೃಷ್ಣರಾಜೇಂದ್ರ ಮಾರುಕಟ್ಟೆಯ ಬಳಿ ಬೀದಿಯ ದೀಪ ಹೊತ್ತಿಕೊಂಡಿತು. ಇಲ್ಲಿ ಗಮನಿಸಬೇಕಾದದ್ದೊಂದಿದೆ. ಸಾಮಾನ್ಯ ಬೆಂಗಳೂರಿಗನಿಗೆ ವಿದ್ಯುತ್ತಿನ ಪರಿಚಯವಾದದ್ದು ಬೀದಿಯಲ್ಲಿ. ಮನೆಯೊಳಕ್ಕೆ ತಂತಿ ಎಳೆಸಿಕೊಳ್ಳಲು ಶಕ್ತಿಯಿಲ್ಲದವನಿಗೂ ಕಂಬದ ದೀಪದಲ್ಲಿ ಪಾಲಿದ್ದಿತು. ಅದರ ಕೆಳಗೆ ಕುಳಿತು ಓದಿ ಮುಂದೆ ಬಂದವರ ಕಥೆಗಳನ್ನು ನಾವೆಲ್ಲ ಕೇಳಿಯೇ ಬೆಳೆದಿದ್ದೇವೆ.

ಒಂದು ಶತಮಾನದ ತರುವಾಯ ಇದೇ ಊರು ವಿದ್ಯುತ್ ಕಾರಿನ ಚರಿತ್ರೆಯಲ್ಲಿ ತನ್ನ ಹೆಸರನ್ನು ಬರೆಯಿತು. ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ ಸೂರ್ಯಶಕ್ತಿಯ ಕಾರು ಕಟ್ಟಿದ ತಂಡದಲ್ಲಿದ್ದ ಚೇತನ್ ಮೈನಿ ಎಂಬ ತರುಣ ಎಂಜಿನಿಯರು ಬೆಂಗಳೂರಿಗೆ ಹಿಂದಿರುಗಿ, 2001ರಲ್ಲಿ ‘ರೇವಾ’ ಎಂಬ ಪುಟ್ಟ ಕಾರನ್ನು ಮಾರುಕಟ್ಟೆಗೆ ತಂದರು. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು; ಎಂಟು ಸೀಸದ ಬ್ಯಾಟರಿಗಳು; ಒಮ್ಮೆ ತುಂಬಿದರೆ ಸುಮಾರು 80 ಕಿ.ಮೀ. ಓಟ. ಅದರ ಮೇವಿಗೆ ಗೀಜರಿಗೆ ಇರುವಂಥ ಹದಿನೈದು ಆಂಪಿಯರ್ ಪ್ಲಗ್ಗು ಸಾಕಾಗಿದ್ದಿತು. ನೋಡಿ ನಕ್ಕವರು ಬಹಳ. ಆದರೆ 2004ರಿಂದ ಅದು ‘ಜೀ-ವಿಜ್’ ಎಂಬ ಹೆಸರಿನಲ್ಲಿ ಲಂಡನ್ನಿನಲ್ಲಿ ಮಾರಾಟವಾಯಿತು. ಝೇಂಕಾರದ ಹಕ್ಕಿ ಹಾರಿಹೋದ ಬೀದಿಗಳಲ್ಲಿ ಬೆಂಗಳೂರಿನ ಹಕ್ಕಿ ಓಡಾಡಿತು. ನಗರದ ನಡುಭಾಗಕ್ಕೆ ಬರುವ ವಾಹನಗಳ ಮೇಲೆ ಹಾಕಿದ್ದ ತೆರಿಗೆಯಿಂದ ಅಲ್ಲಿ ಅದಕ್ಕೆ ವಿನಾಯಿತಿ ಇದ್ದಿತು. ಇಲ್ಲಿ ಮಾತ್ರ ಅದನ್ನು ಕೊಳ್ಳಬಲ್ಲವನಿಗೆ ಹಣದ ಜೊತೆಗೆ ಕಾಂಪೌಂಡು ಗೋಡೆಯೂ ಇರಬೇಕಾಗಿದ್ದಿತು. 2010ರಲ್ಲಿ ಆ ಕಂಪೆನಿ ಮಹೀಂದ್ರಾ ಸಂಸ್ಥೆಯ ಕೈಸೇರಿತು.

ಇಂದಿನ ಮೇವು

1991ರಲ್ಲಿ ಪೇಟೆಗೆ ಬಂದ ಲಿಥಿಯಂ ಬ್ಯಾಟರಿ ಓಟದ ಚಿಂತೆಯನ್ನು ಬಹುಮಟ್ಟಿಗೆ ಕಳೆಯಿತು. ಭಾವಮೈದುನನ ಕಾರಿನ ಬ್ಯಾಟರಿ 45 ಯೂನಿಟ್ ಹಿಡಿಯುತ್ತದೆ. ಅದನ್ನು ತುಂಬುವ ದಾರಿಗಳು ಮೂರು. ಮನೆಯ ಹದಿನೈದು ಆಂಪಿಯರ್ ಪ್ಲಗ್ಗು ಗಂಟೆಗೆ ಮೂರು ಯೂನಿಟ್ಟಿನಷ್ಟು ಕೊಡುತ್ತದೆ. ಬರಿದಾದ ಕಾರು ತುಂಬಲು ಹದಿನೈದು ಗಂಟೆಗೂ ಹೆಚ್ಚು. ಗೋಡೆಗೆ ಕೂರಿಸುವ ಪೆಟ್ಟಿಗೆ ಗಂಟೆಗೆ ಏಳು ಯೂನಿಟ್ ಕೊಡುತ್ತದೆ. ರಾತ್ರಿ ಸಿಕ್ಕಿಸಿದರೆ ಬೆಳಗಿನ ಕಾಫಿಯ ಹೊತ್ತಿಗೆ ಸಿದ್ಧ. ಮೂರನೆಯದು ಹೆದ್ದಾರಿಯ ದೊಡ್ಡ ಯಂತ್ರ; ಹಿಂದೆ ಪಾದರಸದ ಬುರುಡೆ ಮಾಡುತ್ತಿದ್ದ ಕೆಲಸವನ್ನು ಅದು ತಾನೇ ಮಾಡಿ, ಬ್ಯಾಟರಿಗೆ ನೇರವಾಗಿ ಉಣಿಸಿ, ಒಂದು ಗಂಟೆಯೊಳಗೆ ನೂರಕ್ಕೆ ಎಂಬತ್ತು ಪಾಲು ತುಂಬುತ್ತದೆ. ಉಳಿದ ಇಪ್ಪತ್ತು ಪಾಲಿಗೆ ತಾಳ್ಮೆ ಬೇಕು. ತುಂಬಿದ ಬಸ್ಸಿಗೆ ಕೊನೆಯ ಹತ್ತು ಜನ ಹತ್ತುವುದೇ ತಡ, ಅಲ್ಲವೆ?

ಕಾನೂನೂ ದಾರಿ ಬಿಟ್ಟಿದೆ. ವಿದ್ಯುತ್ ಮಾರಲು ಪರವಾನಗಿ ಬೇಕು. ಆದರೆ ಕಾರಿಗೆ ಚಾರ್ಜು ಮಾಡಿಕೊಡುವುದು ವಿದ್ಯುತ್ತಿನ ಮಾರಾಟವಲ್ಲ, ಒಂದು ಸೇವೆ ಎಂದು ಕೇಂದ್ರ ಸರಕಾರ 2018ರಲ್ಲಿ ಸ್ಪಷ್ಟಪಡಿಸಿತು. ಅಂದರೆ, ಯಾವ ಹೋಟೆಲಿನವನೂ, ಬೇಕಾದರೆ ಔಷಧದ ಅಂಗಡಿಯವನೂ, ತನ್ನ ಬಾಗಿಲಲ್ಲಿ ಮೇವು ಇಡಬಹುದು. ಬರ್ಟಾಳ ಅಂಗಡಿ ವಿದ್ಯುತ್ತಿಗೂ ತೆರೆಯಿತು ಎನ್ನಬಹುದು. ಮೊನ್ನೆ ಮೈಸೂರಿಗೆ ಹೋದಾಗ ಹೋಟೆಲೊಂದರ ಅಂಗಳದಲ್ಲಿ ಅಂಥ ಯಂತ್ರ ಸಿಕ್ಕಿತು. ನಮಗಿಂತ ಮುಂದೆ ಒಂದು ಕಾರು ನಿಂತಿದ್ದಿತು. ಅದರ ಯಜಮಾನರು ದೋಸೆ ತಿನ್ನುತ್ತಿದ್ದರು. ಅವರು ಎರಡನೆಯ ಕಾಫಿಗೆ ಹೇಳಿದಾಗ ನನ್ನ ಭಾವಮೈದುನನ ಮುಖ ನೋಡಬೇಕಾಗಿದ್ದಿತು.

ಆದರೂ ಹೆದ್ದಾರಿಯ ಮೇವು ಪ್ರಯಾಣದ ಮೇವು. ದಿನದಿನದ ಮೇವು ಅಗ್ಗವಾಗಿ ಸಿಗುವುದು ಮನೆಯಲ್ಲೇ. ಹಾಗಾಗಿ 1910ರಲ್ಲಿ ಕೊಟ್ಟಿಗೆಯಿದ್ದವನಿಗೆ ಒಲಿದ ಗಾಡಿ ಇಂದೂ ಮೊದಲು ಒಲಿಯುತ್ತಿರುವುದು ಕಾಂಪೌಂಡು ಇದ್ದವನಿಗೇ. ಬಾಡಿಗೆಯವನು, ಬೀದಿಯಲ್ಲಿ ಕಾರು ನಿಲ್ಲಿಸುವವನು, ಫ್ಲಾಟಿನ ಸಂಘದ ಸಭೆಯಲ್ಲಿ ಕೈಕಟ್ಟಿ ನಿಲ್ಲುವವನು, ಇವರ ಪಾಲಿಗೆ ಮೇವಿನ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿದಿದೆ. ಬೀದಿಯಲ್ಲಿ ಬಡವನಿಗೂ ಬೆಳಕು ಕೊಟ್ಟು ಆರಂಭವಾದ ಊರು, ಬೀದಿಯ ಕಂಬದಲ್ಲೇ ಕಾರಿಗೂ ಒಂದು ಪ್ಲಗ್ಗು ಕೊಡಲಾರದೆ? ಅದಾಗುವವರೆಗೆ ಈ ವಾಹನ ಎಲ್ಲರದೂ ಆಗಲಾರದು.

ಆಸೆಗೆ ಎಡೆಯಿಲ್ಲದೆ ಇಲ್ಲ. ರೇವಾ ಕಟ್ಟಿದ ಮೈನಿಯವರೇ 2017ರಲ್ಲಿ ಪಾಲುದಾರರೊಡನೆ ‘ಸನ್ ಮೊಬಿಲಿಟಿ’ ಎಂಬ ಬ್ಯಾಟರಿ ಬದಲಿಸುವ ಸಂಸ್ಥೆಯನ್ನು ಕಟ್ಟಿದರು. ಇಂದು ಬೆಂಗಳೂರಿನಲ್ಲಿ ಮನೆಮನೆಗೆ ಊಟ ತಲುಪಿಸುವ ಹುಡುಗ ರಸ್ತೆಬದಿಯ ಪೆಟ್ಟಿಗೆಯ ಮುಂದೆ ಸ್ಕೂಟರು ನಿಲ್ಲಿಸಿ, ಖಾಲಿ ಬ್ಯಾಟರಿ ಒಳಗಿಟ್ಟು, ತುಂಬಿದ್ದನ್ನು ಎತ್ತಿಕೊಂಡು ಹೊರಟುಬಿಡುತ್ತಾನೆ. ಅವನಿಗೆ ಕೊಟ್ಟಿಗೆಯೂ ಬೇಡ, ಸಂಘದ ಒಪ್ಪಿಗೆಯೂ ಬೇಡ. ಬರ್ಸಿ ಲಂಡನ್ನಿನಲ್ಲಿ ಸೋತ ಉಪಾಯ ಇಲ್ಲಿ ಮತ್ತೆ ಪರೀಕ್ಷೆಗೆ ಕುಳಿತಿದೆ.

ಭಾವಮೈದುನ ಸದ್ಯಕ್ಕೆ ತನ್ನದೇ ಉಪಾಯ ಕಂಡುಕೊಂಡಿದ್ದಾನೆ. ಪ್ರತಿ ಶನಿವಾರ ಸಂಜೆ ನಮ್ಮ ಮನೆಗೆ ಬಂದು ರಾತ್ರಿ ಉಳಿದುಕೊಳ್ಳುತ್ತಾನೆ. ತಮ್ಮನಿಗೆ ಇತ್ತೀಚೆಗೆ ಅಕ್ಕನ ಮೇಲೆ ಪ್ರೀತಿ ಹೆಚ್ಚಿದೆಯೆಂದು ನನ್ನ ಹೆಂಡತಿ ಸಂತೋಷಪಟ್ಟಿದ್ದಾಳೆ. ಜಗಲಿಯ ಪಕ್ಕದ ಹದಿನೈದು ಆಂಪಿಯರ್ ಪ್ಲಗ್ಗಿನ ವಿಷಯವನ್ನು ನಾನು ಅವಳಿಗೆ ಹೇಳಿಲ್ಲ. ಎದುರುಮನೆಯ ರಾಯರು ಮಾತ್ರ ಭಾನುವಾರ ಬೆಳಿಗ್ಗೆ ಗೇಟಿನ ಬಳಿ ಬಂದು, ಕಿಟಕಿಯಿಂದ ಕಾರಿಗೆ ಎಳೆದ ತಂತಿಯನ್ನು ನೋಡಿ, “ಹೊಟ್ಟೆ ತುಂಬಿತೇನಪ್ಪ?” ಎಂದು ಕೇಳಿ ಹೋಗುತ್ತಾರೆ.