ಅಘನಾಶಿನಿ: ಸಮುದ್ರ ಸೇರುವ ನೀರನ್ನು ‘ವ್ಯರ್ಥ’ ಎನ್ನುವ ಮೊದಲು

‘ಪಶ್ಚಿಮಕ್ಕೆ ಹರಿಯೋ ನೀರು ಸುಮ್ನೆ ಸಮುದ್ರ ಸೇರಿ ವ್ಯರ್ಥ ಆಗ್ತಿದೆ.’ ಅಧಿಕಾರದಲ್ಲಿ ಯಾರೇ ಇರಲಿ, ಈ ಮಾತು ಮಾತ್ರ ಬದಲಾಗೋದಿಲ್ಲ. ಎತ್ತಿನಹೊಳೆಯ ನಂತರ ಈಗ ಉತ್ತರ ಕನ್ನಡದ ಬೇಡ್ತಿ ಮತ್ತು ಅಘನಾಶಿನಿಯ ಸರದಿ. ಅಘನಾಶಿನಿಯ ನೀರನ್ನು ವೇದಾವತಿಗೆ ಒಯ್ಯುವ ಪ್ರಸ್ತಾವದ ಪರ-ವಿರೋಧ ಮಾತಾಡುವ ಮೊದಲು, ಈ ನದಿಯ ಜೊತೆ ಒಮ್ಮೆ ಮೂಲದಿಂದ ಅಳಿವೆಯವರೆಗೆ ಹೋಗಿ ಬರೋಣ. ನನ್ನ ಪ್ರಶ್ನೆ ಒಂದೇ: ನೀರು ವ್ಯರ್ಥವಾಗುತ್ತಿರುವುದು ಎಲ್ಲಿ?

ಹುಟ್ಟು: ಶಿರಸಿಯ ಎರಡು ಸೆಲೆಗಳು

ಅಘನಾಶಿನಿಗೆ ಎರಡು ಮೂಲಗಳಿವೆ. ಒಂದು ಶಿರಸಿ ಪಟ್ಟಣದೊಳಗಿನ ಶಂಕರಹೊಂಡ, ಇನ್ನೊಂದು ಮಂಜುಗುಣಿ. ಎರಡೂ ಹಳ್ಳಗಳು ಮುತ್ತಳ್ಳಿ ಬಳಿ ಸೇರಿ ನದಿಯಾಗುತ್ತವೆ. ಅಡಿಕೆ ತೋಟ, ಗದ್ದೆ, ಬೆಟ್ಟಗಳ ನಡುವೆ ಹಾದು, ಘಟ್ಟ ಇಳಿದು, ಕುಮಟಾ ತಾಲೂಕಿನಲ್ಲಿ ಅರಬ್ಬಿ ಸಮುದ್ರ ಸೇರುವವರೆಗೆ ಸುಮಾರು 120 ಕಿ.ಮೀ. ಇಷ್ಟು ದೂರದಲ್ಲಿ ಎಲ್ಲೂ ಒಂದು ದೊಡ್ಡ ಅಣೆಕಟ್ಟಿಲ್ಲ. ಇದೇ ಜಿಲ್ಲೆಯ ಕಾಳಿಗೂ ಶರಾವತಿಗೂ ಈ ಭಾಗ್ಯ ಇಲ್ಲ.

ಘಟ್ಟ: ಕೆಪ್ಪ ಜೋಗದಿಂದ ಕೆಳಗೆ

ಸಿದ್ದಾಪುರ ತಾಲೂಕಿನ ಉಂಚಳ್ಳಿಯಲ್ಲಿ ನದಿ 116 ಮೀಟರ್ ಧುಮುಕುತ್ತದೆ. 1845ರಲ್ಲಿ ಇದನ್ನು ಕಂಡ ಬ್ರಿಟಿಷ್ ಕಲೆಕ್ಟರ್ ಲಷಿಂಗ್ಟನ್ ಹೆಸರೂ ಜಲಪಾತಕ್ಕೆ ಅಂಟಿಕೊಂಡಿದೆ. ಊರಿನವರು ಕರೆಯುವುದು ‘ಕೆಪ್ಪ ಜೋಗ’ ಅಂತ. ಮಳೆಗಾಲದಲ್ಲಿ ಹತ್ತಿರ ನಿಂತರೆ ಪಕ್ಕದವರ ಮಾತೂ ಕೇಳಿಸೋದಿಲ್ಲ.

ಈ ಕಣಿವೆಯಲ್ಲಿ ಸಿಂಗಳೀಕಗಳಿವೆ. ಅವುಗಳಿಗಾಗಿ 2011ರಲ್ಲಿ ಸುಮಾರು 300 ಚದರ ಕಿ.ಮೀ. ಪ್ರದೇಶವನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಸಿಂಗಳೀಕ ನೆಲಕ್ಕೆ ಇಳಿಯುವುದು ಕಡಿಮೆ, ಮರದಿಂದ ಮರಕ್ಕೆ ಹೋಗುತ್ತಾ ಬದುಕುವ ಪ್ರಾಣಿ. ಕಾಡಿನ ನಡುವೆ ಪೈಪ್‌ಲೈನ್, ರಸ್ತೆ, ವಿದ್ಯುತ್ ಮಾರ್ಗ ಬಂದರೆ ಅದರ ದಾರಿಯೇ ತುಂಡಾಗುತ್ತದೆ. ಇಲ್ಲಿನ ರಾಮಪತ್ರೆ ಜಡ್ಡಿಗಳಲ್ಲಿ ಮರಗಳು ವರ್ಷವಿಡೀ ಜೌಗಿನಲ್ಲಿ ನಿಂತು, ಉಸಿರಾಡಲು ಬೇರನ್ನು ನೀರಿನಿಂದ ಮೇಲೆತ್ತುತ್ತವೆ. ಇಂಥ ಕಾಡು ಮಳೆ ನೀರನ್ನು ಹಿಡಿದಿಟ್ಟು ನಿಧಾನಕ್ಕೆ ಬಿಟ್ಟುಕೊಡುವುದರಿಂದಲೇ ಬೇಸಿಗೆಯಲ್ಲೂ ಹೊಳೆಯಲ್ಲಿ ಹರಿವಿದೆ.

ಅಳಿವೆ: ಉಪ್ಪು-ಸಿಹಿಯ ಲೆಕ್ಕ

ಉಪ್ಪಿನಪಟ್ಟಣ, ಮಿರ್ಜಾನ, ದೀವಗಿ ದಾಟಿದ ನದಿ ಅಗಲವಾಗುತ್ತಾ ಹೋಗುತ್ತದೆ. ಒಂದು ದಡದಲ್ಲಿ ತದಡಿ, ಇನ್ನೊಂದು ದಡದಲ್ಲಿ ನದಿಯದೇ ಹೆಸರಿನ ಊರು ಅಘನಾಶಿನಿ. ‘ವ್ಯರ್ಥ’ ಅನ್ನುವವರು ನಿಂತು ನೋಡಬೇಕಾದ್ದು ಇಲ್ಲಿ.

ಮಾಣಿಕಟ್ಟಾದ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪು ನೀರು ನುಗ್ಗಿದರೂ, ನೆರೆ ನಿಂತರೂ ತಡೆದುಕೊಳ್ಳುವ ತಳಿ ಇದು. ಆದರೆ ಕಗ್ಗ ಮೊಳೆಯಬೇಕಾದರೂ ಮೊದಲು ಮುಂಗಾರಿನ ಸಿಹಿ ನೀರು ಬಂದು ಗದ್ದೆಯ ಉಪ್ಪು ತೊಳೆಯಲೇಬೇಕು. ಮಳೆಗಾಲ ಕಳೆದ ಮೇಲೆ ಉಬ್ಬರದ ಜೊತೆ ಸಮುದ್ರ ಮತ್ತೆ ಒಳಗೆ ಬರುತ್ತದೆ. ಆಗ ಸಾಣಿಕಟ್ಟಾದಲ್ಲಿ ಉಪ್ಪು ತಯಾರಾಗುತ್ತದೆ. ಇಳಿತಕ್ಕೆ ಕಾದು ನಿಂತ ಹೆಂಗಸರು ಬುಟ್ಟಿ ಹಿಡಿದು ಬಳಚು ಆರಿಸಲು ಹೊಳೆಗಿಳಿಯುತ್ತಾರೆ. ಅದು ಮನೆಯ ಪದಾರ್ಥವೂ ಹೌದು, ಸಂತೆಯ ದುಡ್ಡೂ ಹೌದು.

‘ನಾವು ಒಯ್ಯೋದು ಮಳೆಗಾಲದ ಹೆಚ್ಚುವರಿ ನೀರು ಮಾತ್ರ’ ಎನ್ನುವ ವಾದ ಎಡವುವುದು ಇಲ್ಲೇ. ಆ ‘ಹೆಚ್ಚುವರಿ’ ನೀರೇ ಉಪ್ಪು ತೊಳೆಯುವುದು, ಮೀನಿಗೆ ಮೇವಾಗುವ ಮೆಕ್ಕಲು ತರುವುದು.

ನದಿಯ ಲಯ ತಪ್ಪಿದರೆ ಏನಾಗುತ್ತೆ ಅಂತ ಊಹಿಸಬೇಕಿಲ್ಲ. ಪಕ್ಕದ ಶರಾವತಿಯ ಮೇಲ್ಭಾಗದಲ್ಲಿ 1964ರಿಂದ ಲಿಂಗನಮಕ್ಕಿ ಅಣೆಕಟ್ಟಿದೆ. ವಿದ್ಯುದಾಗಾರಗಳು ವರ್ಷವಿಡೀ ಸಿಹಿ ನೀರು ಬಿಡುವುದರಿಂದ ಹೊನ್ನಾವರದ ಅಳಿವೆಯಲ್ಲಿ ಬೇಸಿಗೆಯಲ್ಲೂ ಉಪ್ಪು ಏರೋದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ಎರಡೂ ಅಳಿವೆಗಳನ್ನು ಹೋಲಿಸಿ ಅಧ್ಯಯನ ಮಾಡಿದೆ. ಶರಾವತಿಯಲ್ಲಿ ಮೀನಿನ ವೈವಿಧ್ಯ ಕಡಿಮೆ, ಚಿಪ್ಪುಜೀವಿಗಳಿಗಂತೂ ದೊಡ್ಡ ಪೆಟ್ಟು. ಅಲ್ಲಿ ಸಿಹಿ ನೀರು ಹೆಚ್ಚಾಗಿ ಕೆಟ್ಟಿತು, ಇಲ್ಲಿ ಕಡಿಮೆಯಾಗಿ ಕೆಡಬಹುದು.

ಹಾಗಾದರೆ ಬಯಲುಸೀಮೆಯ ಬಾಯಾರಿಕೆ?

ಚಿತ್ರದುರ್ಗದ ಬಾಯಾರಿಕೆ ಸುಳ್ಳಲ್ಲ. ಕರಾವಳಿ, ಮಲೆನಾಡಿನವರು ಅದನ್ನು ಹಗುರ ಮಾಡಿ ಮಾತಾಡಬಾರದು. ಆದರೆ ಆ ಬಾಯಾರಿಕೆಯ ಹೆಸರಲ್ಲಿ ನಡೆದದ್ದನ್ನೂ ನೋಡಬೇಕು. 2012ರಲ್ಲಿ ಎತ್ತಿನಹೊಳೆಯ ಅಂದಾಜು ವೆಚ್ಚ 8,323 ಕೋಟಿ ರೂಪಾಯಿ ಇತ್ತು, ನಂತರ ಅದು 23 ಸಾವಿರ ಕೋಟಿ ದಾಟಿತು. ಮೊದಲ ಹಂತ ಉದ್ಘಾಟನೆಯಾಗಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಇಷ್ಟು ಹಣದಲ್ಲಿ ಒಂದು ಪಾಲು ಕೆರೆಗಳ ಹೂಳಿಗೆ, ರಾಜಕಾಲುವೆಗಳ ಒತ್ತುವರಿ ತೆರವಿಗೆ ಹೋಗಿದ್ದರೆ? ಈ ಪ್ರಶ್ನೆಯನ್ನು ಬಯಲುಸೀಮೆಯ ಗೆಳೆಯರೇ ನಮಗಿಂತ ಗಟ್ಟಿಯಾಗಿ ಕೇಳಬೇಕು ಅನ್ನೋದು ನನ್ನ ಅನಿಸಿಕೆ.

ಅಘನಾಶಿನಿ ಇಂಥದ್ದನ್ನು ಮೊದಲೂ ಕಂಡಿದೆ. ತದಡಿಯಲ್ಲಿ 4,000 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾವ ಬಂದಿತ್ತು, ಜನ ಎದ್ದು ನಿಂತರು, ಅದು ಹಿಂದೆ ಸರಿಯಿತು. 2024ರ ಜನವರಿಯಲ್ಲಿ ಇದೇ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಎಂಬ ಮಾನ್ಯತೆ ಸಿಕ್ಕಿತು. ಆ ಮಾನ್ಯತೆಯನ್ನು ಹೆಮ್ಮೆಯಿಂದ ಹೇಳಿಕೊಂಡ ಸರ್ಕಾರಗಳು ಒಂದು ಲೆಕ್ಕ ಕೊಡಲಿ: ಮೇಲಿಂದ ಎಷ್ಟು ನೀರು ತೆಗೆದರೆ ಕೆಳಗೆ ಉಪ್ಪು ಎಷ್ಟು ಬದಲಾಗುತ್ತೆ? ಕಗ್ಗದ ಗದ್ದೆಯವರ ಮುಂದೆ, ಬಳಚು ಆರಿಸುವವರ ಮುಂದೆ, ಕನ್ನಡದಲ್ಲಿ. ಯೋಜನಾ ವರದಿಯ ಮಾತು ಆಮೇಲೆ.